ಭಾವನಿಗೆ ಡೆತ್ ಮೆಟಲ್ ಕಲಿಸಿದ ಮಳೆಗಾಲ

ಈ ವಾರ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ಈ ಸಲದ ಮೊದಲ ಮಳೆ ಬಿತ್ತು. ಕ್ಯಾಂಪ್‌ಬೆಲ್‌ನಿಂದ ಅಕ್ಕನ ಮನೆಯಿರುವ ಸ್ಯಾನ್ ಮಟಿಯೋಗೆ ಹೋಗುವಾಗ ಫ್ರೀವೇ ಪಕ್ಕದ ನೀಲಗಿರಿ ಮರಗಳ ಒದ್ದೆ ತೊಗಟೆಯ ವಾಸನೆ ಕಾರಿನೊಳಗೆ ಬಂತು. ಕಿಟಕಿ ಏರಿಸಿದೆ. ಏರಿಸಿದ ಮೇಲೂ ಹೋಗಲಿಲ್ಲ. ಈ ವಾಸನೆ ನನಗೆ ಮೊದಲೆಲ್ಲ ಇಷ್ಟವಿತ್ತು. ಈಗ ಮೂಗಿಗೆ ಬಡಿದ ಕೂಡಲೇ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಎರಡು ವರ್ಷದ ಹಿಂದೆ, ಇಲ್ಲಿಯ ಮಳೆಗಾಲವಾದ ಚಳಿಗಾಲದಲ್ಲಿ, ಭಾನುವಾರ ಬೆಳಿಗ್ಗೆ ಇದೇ ದಾರಿಯಲ್ಲಿ ಪಕ್ಕದ ಸೀಟಿನ ಮೇಲೆ ಸಿ.ಡಿ.ಗಳ ಪೆಟ್ಟಿಗೆ ಇಟ್ಟುಕೊಂಡು ನಾನು ವಾಸು ಭಾವನ ಮನೆಗೆ ಹೋಗುತ್ತಿದ್ದೆ. ಅರವತ್ತೊಂದು ವರ್ಷದ ಆ ಮನುಷ್ಯನಿಗೆ ಡೆತ್ ಮೆಟಲ್ ಕಲಿಸಲು.

ವಾಸು ಭಾವ ನನ್ನ ಅಕ್ಕನ ಗಂಡ. ಉಡುಪಿಯವರು. ಭೂಕಂಪ ಬಂದರೆ ಕಟ್ಟಡ ನಿಲ್ಲುತ್ತದೋ ಇಲ್ಲವೋ ಎಂದು ಪರೀಕ್ಷಿಸುವ ಸ್ಟ್ರಕ್ಚರಲ್ ಎಂಜಿನಿಯರ್. ಮೂವತ್ತು ವರ್ಷ ಈ ದೇಶದಲ್ಲಿ ಕಳೆದರೂ ಅವರ ಮಾತು ಉಡುಪಿಯ ರಥಬೀದಿ ಬಿಟ್ಟು ಈಚೆ ಬಂದಿಲ್ಲ. ಏಳನೇ ವಯಸ್ಸಿನಲ್ಲಿ ಮಂಗನಬಾವು ಬಂದು ಅವರ ಎಡಗಿವಿ ಪೂರ್ತಿ ಹೋಗಿತ್ತು. ಹಾಗಾಗಿ ನಮ್ಮ ಮನೆಯಲ್ಲಿ ಎಲ್ಲರಿಗೂ ಅವರ ಬಲಕ್ಕೆ ಕೂತು ಮಾತಾಡುವ ಅಭ್ಯಾಸ.

ನಾನು ಕೇಳುವುದು ಸಂಗೀತವೇ ಅಲ್ಲ ಎಂಬ ಅವರ ಅಭಿಪ್ರಾಯ ಎಲ್ಲರಿಗೂ ಗೊತ್ತಿತ್ತು. ನಾನು ಮಂಗಳೂರಿನಲ್ಲಿ ಕಾಲೇಜು ಓದುವಾಗಲೇ, ಒಬ್ಬರಿಂದೊಬ್ಬರಿಗೆ ಕಾಪಿಯಾಗಿ ಕಾಪಿಯಾಗಿ ಹಾಡಿಗಿಂತ ಟೇಪಿನ ಸದ್ದೇ ಹೆಚ್ಚಾದ ಕ್ಯಾಸೆಟ್ಟುಗಳಲ್ಲಿ ಡೆತ್ ಮೆಟಲ್ ಕೇಳಲು ಶುರು ಮಾಡಿದವನು. ಹೊಟ್ಟೆಯ ಆಳದಿಂದ ಬರುವ ಗರ್ಜನೆ, ಶ್ರುತಿ ಇಳಿಸಿದ ಗಿಟಾರು, ಉಸಿರು ಬಿಡದ ಡ್ರಮ್ಮು, ಸಾವು ಕೊಳೆತಗಳ ಬಗ್ಗೆಯೇ ಬರೆದ ಹಾಡು. ಕೇಳದವರಿಗೆ ಎಲ್ಲವೂ ಒಂದೇ. ಕೇಳುವವರಿಗೆ ಒಂದೊಂದು ಊರಿನದು ಒಂದೊಂದು ರುಚಿ. ಇಂಟರ್‌ನೆಟ್ಟಿನ ಒಂದು ಫೋರಮ್ಮಿನಲ್ಲಿ ಹೊಸಬರು "ಎಲ್ಲಿಂದ ಶುರು ಮಾಡಲಿ?" ಎಂದು ಕೇಳಿದಾಗ ಉತ್ತರ ಕೊಡುವವರಲ್ಲಿ ನನಗೊಂದು ಹೆಸರಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯೊಂದರಲ್ಲಿ ಯಂತ್ರಗಳ ರಿಪೇರಿ ಮಾಡುವ ನನಗೆ ಬೇರೆಲ್ಲೂ ಅಂಥ ಮರ್ಯಾದೆ ಇರಲಿಲ್ಲ.

ಆ ನವೆಂಬರಿನಲ್ಲಿ ಭಾವ ಫೋನು ಮಾಡಿ ಮನೆಗೆ ಬಾ ಎಂದರು. ಅವರಾಗಿ ನನಗೆ ಫೋನು ಮಾಡಿದ್ದು ಅದೇ ಮೊದಲು. ಹೋದರೆ, ಅಕ್ಕ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಭಾವ ತಮ್ಮ ಆಫೀಸು ಕೋಣೆಯ ಬಾಗಿಲು ಹಾಕಿ, ಕಟ್ಟಡದ ವರದಿ ಓದುವ ಧ್ವನಿಯಲ್ಲಿ ವಿಷಯ ಹೇಳಿದರು. ಬಲಗಿವಿಯ ನರದ ಮೇಲೆ ಒಂದು ಗಡ್ಡೆ ಬೆಳೆದಿದೆ. ಕ್ಯಾನ್ಸರ್ ಅಲ್ಲ, ಆದರೆ ಮೆದುಳಿನ ಕಾಂಡವನ್ನು ಒತ್ತುತ್ತಿದೆ. ತೆಗೆಯಲೇಬೇಕು. ತೆಗೆದರೆ ಆ ಕಿವಿ ಉಳಿಯುವುದಿಲ್ಲ. ಫೆಬ್ರವರಿ ಕೊನೆಗೆ ಆಪರೇಷನ್ನು. ಆಮೇಲೆ ಎರಡೂ ಇಲ್ಲ.

ಅವರೇ ಮುಂದುವರಿಸಿದರು.

"ನೀನು ಕೇಳುವ ಆ ಗಲಾಟೆ ಉಂಟಲ್ಲ ಗಿರಿ, ಅದು ನನಗೆ ಅರ್ಥ ಆಗಬೇಕು. ಪ್ರಣವ್ ಬಾರಿಸುವುದು ಎಂತ ಅಂತ ಗೊತ್ತಾಗಬೇಕು. ಮೂರು ತಿಂಗಳು ಉಂಟು."

ಪ್ರಣವ್ ಅವರ ಒಬ್ಬನೇ ಮಗ. ಫಾರ್ಮಸಿ ಓದುತ್ತಿದ್ದವನು ಎರಡನೇ ವರ್ಷದಲ್ಲಿ ಬಿಟ್ಟು ಓಕ್ಲೆಂಡಿನ ಒಂದು ಡೆತ್ ಮೆಟಲ್ ಬ್ಯಾಂಡಿನಲ್ಲಿ ಡ್ರಮ್ಮರ್ ಆದ. ಹೊಟ್ಟೆಪಾಡಿಗೆ ಸೈಕಲ್ ರಿಪೇರಿ ಅಂಗಡಿಯಲ್ಲಿ ಕೆಲಸ. ಆ ನವೆಂಬರಿಗೆ ಮೂರು ವರ್ಷ ಮೊದಲು ಮನೆಯ ಸತ್ಯನಾರಾಯಣ ಪೂಜೆಯ ದಿನ, ಊಟಕ್ಕೆ ಕೂತ ನಲವತ್ತು ಜನರ ಎದುರಿಗೆ, ಯಾರೋ ಮಗ ಏನು ಮಾಡುತ್ತಾನೆ ಎಂದು ಕೇಳಿದಾಗ ಭಾವ, "ಅದಕ್ಕೆ ತಲೆ ಬೇಡ, ತೋಳು ಇದ್ದರೆ ಸಾಕು" ಎಂದುಬಿಟ್ಟರು. ಪ್ರಣವನಿಗೆ ಕನ್ನಡ ಮಾತಾಡಲು ತಡವರಿಕೆ. ಅರ್ಥವಾಗುವುದಕ್ಕೆ ಏನೂ ತೊಂದರೆಯಿಲ್ಲ. ಎಲೆಯ ಮುಂದಿನಿಂದ ಎದ್ದು ಹೋದವನು ಆಮೇಲೆ ಅಪ್ಪನ ಜೊತೆ ಮಾತಾಡಲಿಲ್ಲ. ಅಕ್ಕನ ಜೊತೆ ಫೋನು, ನನ್ನ ಜೊತೆ ತಿಂಗಳಿಗೊಮ್ಮೆ ಕಾಫಿ. ಅಷ್ಟೆ.

ಭಾವ ಅವತ್ತೇ ಸರಳವಾದ ದಾರಿ ಸೂಚಿಸಿದ್ದರು. "ಅವನದ್ದು ರೆಕಾರ್ಡಿಂಗು ಉಂಟಾ? ಅದನ್ನೇ ಹಾಕು."

ಇತ್ತು. ಹದಿನಾಲ್ಕು ನಿಮಿಷದ ಮೂರು ಹಾಡುಗಳು, ನನ್ನ ಫೋನಿನಲ್ಲೇ. ಕೊಡುವಾಗ ಪ್ರಣವ್ ಅಪ್ಪನಿಗೆ ಕೇಳಿಸಬೇಡ ಮಾಮ ಎಂದು ಮಾತು ತೆಗೆದುಕೊಂಡಿದ್ದ. ಕೇಳಿಸದಿರಲು ಅದೊಂದೇ ಕಾರಣವಾಗಿದ್ದರೆ ಇವತ್ತು ನನಗೆ ಇಷ್ಟು ಹಿಂಸೆಯಾಗುತ್ತಿರಲಿಲ್ಲ. ಇನ್ನೊಂದು ಕಾರಣವಿತ್ತು. ಇಪ್ಪತ್ತೈದು ವರ್ಷ ನನ್ನನ್ನು ಗೇಲಿ ಮಾಡಿದ ಮನುಷ್ಯ ಈಗ ಶಿಷ್ಯನಾಗಿ ಎದುರಿಗೆ ಕೂತಿದ್ದ. ತಳಪಾಯವಿಲ್ಲದೆ ಮೇಲಿನ ಮಹಡಿ ಹೇಗೆ ಭಾವ, ಎಂದು ಅವರದೇ ಭಾಷೆಯಲ್ಲಿ ಹೇಳಿದೆ. ಮೊದಲು ಹಳೆಯದನ್ನೆಲ್ಲ ಕ್ರಮವಾಗಿ ಕೇಳಬೇಕು, ಕೊನೆಗೆ ಪ್ರಣವನದು, ಆಗ ಅದರ ಬೆಲೆ ತಿಳಿಯುತ್ತದೆ ಎಂದೆ. ಭಾವ ಎಂಜಿನಿಯರ್ ಆದ್ದರಿಂದ ಒಪ್ಪಿದರು.

ನಾನು ಹನ್ನೊಂದು ಆಲ್ಬಮ್ಮುಗಳ ಪಟ್ಟಿ ಮಾಡಿದೆ. ಒಂದು ವಾರಪೂರ್ತಿ ರೈಲಿನಲ್ಲಿ ಹೋಗುತ್ತ ಬರುತ್ತ ಅದನ್ನೇ ತಿದ್ದಿದೆ. ಫ್ಲಾರಿಡಾದ್ದು ಒಂದು, ಸ್ಟಾಕ್‌ಹೋಮಿನದು ಒಂದು, ಇಂಗ್ಲೆಂಡು, ಫಿನ್ಲೆಂಡು, ನ್ಯೂಯಾರ್ಕು. ಜಾಝ್ ಬೆರೆಸಿದ ಕಸರತ್ತಿನದು ಒಂದು. ಆಮೇಲೆ ರಾಗ ಹೆಚ್ಚಿರುವ ಸ್ವೀಡನ್ನಿನ ಇನ್ನೊಂದು ಬಗೆ, ಶವಯಾತ್ರೆಯ ನಡಿಗೆಯದು, ಹಾಲೆಂಡಿನದು, ನಮ್ಮ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಹಳಬರದು, ಕೊನೆಗೆ ಹಳೆಯ ಶೈಲಿಯನ್ನೇ ಈಗ ನುಡಿಸುವ ಹೊಸಬರದು. ಪ್ರಣವನ ಬ್ಯಾಂಡು ಈ ಕೊನೆಯ ಗುಂಪಿನದು. ಫೋರಮ್ಮಿನಲ್ಲಿ ಹಾಕಿದ್ದರೆ ಜನ ಮೆಚ್ಚುವಂಥ ಪಟ್ಟಿ. ನಿಜ ಹೇಳಬೇಕೆಂದರೆ ಹಾಕಿಯೂ ಹಾಕಿದೆ. ಮೆಚ್ಚಿದರು ಕೂಡ.

ಮೊದಲ ಭಾನುವಾರ ಫ್ಲಾರಿಡಾ. ಭಾವ ಸ್ಪೀಕರಿನ ಪಕ್ಕ ಕುರ್ಚಿ ಎಳೆದುಕೊಂಡು, ಬಲಗಿವಿ ಅದಕ್ಕೆ ಕೊಟ್ಟು, ತೊಡೆಯ ಮೇಲೆ ಹಳದಿ ನೋಟ್‌ಪ್ಯಾಡು ಇಟ್ಟುಕೊಂಡು ಕೂತರು. ಎರಡು ನಿಮಿಷ ಕೇಳಿ, ಹಾಡುವವನಿಗೆ ಹುಷಾರಿಲ್ಲವೇ ಎಂದು ಕೇಳಿದರು. ಗರ್ಜನೆ ಹೇಗೆ ಹುಟ್ಟುತ್ತದೆ ಎಂದು ವಿವರಿಸಿದೆ. ಬರೆದುಕೊಂಡರು. ಡ್ರಮ್ಮು ಮೆಷಿನ್ನಿನದೋ ಮನುಷ್ಯನದೋ ಎಂದರು. ಮನುಷ್ಯನದೇ ಎಂದೆ. ಅದಕ್ಕೆ ಮಾತ್ರ ಏನೂ ಬರೆದುಕೊಳ್ಳಲಿಲ್ಲ; ಪೆನ್ನು ಕೈಯಲ್ಲೇ ಹಿಡಿದುಕೊಂಡು ಹಾಡು ಮುಗಿಯುವವರೆಗೆ ಸ್ಪೀಕರನ್ನೇ ನೋಡಿದರು.

ಎರಡನೆಯದು ಸ್ಟಾಕ್‌ಹೋಮ್. ಅಲ್ಲಿಯವರ ಗಿಟಾರು ಮರದ ಮಿಲ್ಲಿನ ಗರಗಸದ ಹಾಗೆ ಕೊರೆಯುತ್ತದೆ. ನಾನು ಆ ಸದ್ದಿನ ಹಿರಿಮೆಯನ್ನು ವರ್ಣಿಸುತ್ತಿದ್ದರೆ ಭಾವ ತಣ್ಣಗೆ, ಇದು ನನ್ನ ಕಿವಿಯೊಳಗೆ ದಿನಾ ಉಂಟು, ಇದಕ್ಕೆ ನೀನು ಸಿ.ಡಿ. ತರಬೇಕಾಗಿರಲಿಲ್ಲ ಎಂದರು. ಗಡ್ಡೆಯಿಂದಾಗಿ ಅವರಿಗೆ ಯಾವಾಗಲೂ ಒಂದು ಮೊರೆತ ಕೇಳುತ್ತಿತ್ತಂತೆ. ಜನರ ಮಾತು ಕೂಡ ಸದ್ದಾಗಿ ಬರುತ್ತಿತ್ತೇ ಹೊರತು ಪದವಾಗಿ ಬಿಡಿಸಿಕೊಳ್ಳುತ್ತಿರಲಿಲ್ಲ. ಒಂದು ವರ್ಷದಿಂದ ಮೀಟಿಂಗುಗಳಲ್ಲಿ ಸುಮ್ಮನೆ ತಲೆಯಾಡಿಸುತ್ತಿದ್ದೇನೆ ಎಂದು ಅವತ್ತು ಹೇಳಿದರು. ಅಕ್ಕನಿಗೂ ಹೇಳಿರಲಿಲ್ಲ.

ಆಮೇಲೆ ಒಂದು ಪ್ರಶ್ನೆ ಕೇಳಿದರು. "ಇವರು ಹಾಡುವ ಮಾತು ನಿನಗೆ ತಿಳೀತದಾ?"

"ಇಲ್ಲ ಭಾವ. ಸಿ.ಡಿ. ಜೊತೆ ಬರುವ ಪುಸ್ತಕ ನೋಡದೆ ಯಾರಿಗೂ ತಿಳಿಯುವುದಿಲ್ಲ."

"ಯಾರಿಗೂ?"

"ಯಾರಿಗೂ."

"ಹಾಗಾದರೆ ಇಲ್ಲಿ ನಾನೂ ಎಲ್ಲರ ಹಾಗೇ," ಎಂದು ಅವರು ಕುರ್ಚಿಗೆ ಒರಗಿದರು. ಒಂದು ವರ್ಷದಿಂದ ಎಲ್ಲೂ ಅವರು ಎಲ್ಲರ ಹಾಗೆ ಇರಲಿಲ್ಲವೆಂಬುದು ಆಗ ನನಗೆ ಹೊಳೆಯಬೇಕಿತ್ತು. ನಾನು ಮುಂದಿನ ಹಾಡಿನಲ್ಲಿ ಗಿಟಾರಿನ ಶ್ರುತಿ ಎಷ್ಟು ಇಳಿದಿದೆ ಎಂದು ಹೇಳಲು ಹೊರಟೆ.

ಹೀಗೇ ಆಯಿತು ಆ ಮಳೆಗಾಲವೆಲ್ಲ. ಇಂಗ್ಲೆಂಡಿನ ಆಲ್ಬಮ್ಮಿಗೆ, ಯುದ್ಧದ ಟ್ಯಾಂಕು ಬರುವ ಹಾಗೆ ಒಂದೇ ಸಮನೆ ನಡೆಯುವ ಅದಕ್ಕೆ, ಭಾವನ ಕಾಲು ಮೊದಲ ಸಲ ತಾಳ ಹಾಕಿತು. ನಾನು ಖುಷಿಯಿಂದ ಹಾಡು ನಿಲ್ಲಿಸಿ, ನೋಡಿ ಭಾವ, ವೇಗ ಕಡಿಮೆಯಾದರೂ ತೂಕ ಹೇಗೆ ಬರುತ್ತದೆ ಎಂದು ಹತ್ತು ನಿಮಿಷ ಕೊರೆದೆ. ಮತ್ತೆ ಹಾಕುವಷ್ಟರಲ್ಲಿ ಕಾಲು ಸುಮ್ಮನಾಗಿತ್ತು. ಫಿನ್ಲೆಂಡಿನದಕ್ಕೆ ಅವರಿಗೆ ನಿದ್ದೆ ಬಂತು. ಬಾವಿಯೊಳಗಿಂದ ಬಂದ ಹಾಗಿರುವ ಆ ಸದ್ದನ್ನು ನಾನು ಎಷ್ಟು ಪ್ರೀತಿಸುತ್ತೇನೆಂದರೆ, ಅವರ ಗೊರಕೆ ಕೇಳಿ ನಿಜವಾಗಿ ಅವಮಾನವಾಯಿತು. ಎಬ್ಬಿಸಿ ಮೊದಲಿಂದ ಹಾಕಿದೆ. ಕಸರತ್ತಿನವರ ಆಲ್ಬಮ್ಮಿಗೆ, ಇವರು ಪರೀಕ್ಷೆ ಬರೀತಾ ಇದ್ದಾರೆ, ಪಾಸಾಗ್ತಾರೆ ಬಿಡು ಎಂದರು.

ದೊಡ್ಡ ಜಗಳವಾದದ್ದು ನ್ಯೂಯಾರ್ಕಿನ ವಾರ. ಆ ಆಲ್ಬಮ್ಮಿನ ಮೂರನೇ ಹಾಡಿನಲ್ಲಿ ಎಲ್ಲ ನಿಂತು, ಎರಡು ಕಾಲಿನ ಡ್ರಮ್ಮು ಮಾತ್ರ ಉರುಳುವ ಒಂದು ಜಾಗವಿದೆ. ಭಾವ ಅದನ್ನು ಮತ್ತೆ ಹಾಕು ಎಂದರು. ಹಾಕಿದೆ. ಮತ್ತೆ. ಮತ್ತೆ. ಒಂದು ಗಂಟೆ ಅದೇ ನಲವತ್ತು ಸೆಕೆಂಡು. ಆಲ್ಬಮ್ಮನ್ನು ಇಡಿಯಾಗಿ ಕೇಳಬೇಕು ಭಾವ, ಹೀಗೆ ಚೂರು ಮಾಡಿ ತಿನ್ನುವುದಲ್ಲ ಎಂದು ರೇಗಿದೆ. ಅವರೂ ರೇಗಿದರು. ನನಗೆ ಬೇಕಾದ್ದು ಡ್ರಮ್ಮು ಮಾತ್ರ, ಉಳಿದದ್ದು ನಿನಗೆ ಬೇಕಾದ್ದು ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ನಾನು ಸಿ.ಡಿ. ತೆಗೆದು ಪೆಟ್ಟಿಗೆಗೆ ಹಾಕಿಕೊಂಡು ಎದ್ದೆ.

ಅಡುಗೆಮನೆ ದಾಟುವಾಗ ಅಕ್ಕ ತಡೆದಳು. ಅಷ್ಟು ವಾರ ಆ ಸದ್ದು ಸಹಿಸಿಕೊಂಡು, ಕುಕ್ಕರಿನ ಸೀಟಿಯಿಂದ ಮಾತ್ರ ಉತ್ತರ ಕೊಡುತ್ತಿದ್ದವಳು ಅವತ್ತು ಮಾತಾಡಿದಳು.

"ಅವನಿಗೆ ಹದಿಮೂರು ವರ್ಷ ಆಗಿರುವಾಗ ಬರ್ತ್‌ಡೇಗೆ ಆ ಸಿ.ಡಿ. ಡಬ್ಬಿ ತಂದುಕೊಟ್ಟವನು ನೀನು. ಅಪ್ಪ ಮಗ ಮಾತು ಬಿಡುವ ಹಾಗಾದದ್ದು ಅಲ್ಲಿಂದ. ನಾನು ಈವರೆಗೆ ಒಂದು ದಿನ ಹೇಳಿದ್ದೇನಾ? ಈಗ ಇವರ ಹತ್ರ ಕೂಡ ಜಗಳ ಮಾಡಿ ಹೋಗ್ತೀಯಾ?"

ನಿಜ. ಪ್ರಣವನಿಗೆ ಮೊದಲ ಆಲ್ಬಮ್ ಕೊಟ್ಟವನು ನಾನೇ. ಒಂಟಿಯಾಗಿ ಇರುತ್ತಿದ್ದ, ಶಾಲೆಯಲ್ಲಿ ಯಾರ ಜೊತೆಗೂ ಸೇರದ ಹುಡುಗ. ಅವನಿಗೆ ಹಿಡಿಸಬಹುದು ಎನಿಸಿತ್ತು. ಹಿಡಿಸಿತು. ಅದು ತಪ್ಪು ಎಂದು ನನಗೆ ಆಗಲೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಆದರೆ ಅಕ್ಕನ ಕಣ್ಣಿನ ಎದುರು ಹಾಗೆ ಹೇಳುವ ಧೈರ್ಯವಾಗಲಿಲ್ಲ. ಮುಂದಿನ ವಾರ ಬರುತ್ತೇನೆ ಎಂದೆ.

ಮುಂದಿನ ವಾರ ಹೋಗಲಾಗಲಿಲ್ಲ. ಆ ಸಲದ ಮಳೆ ಒಂದರ ಬೆನ್ನಿಗೆ ಒಂದರಂತೆ ಬಂತು. ಒಂದು ಭಾನುವಾರ ಫ್ರೀವೇಗೆ ಅಡ್ಡ ನೀಲಗಿರಿ ಮರ ಬಿದ್ದು ಎರಡು ಗಂಟೆ ಕಾದು ಅರ್ಧದಿಂದಲೇ ತಿರುಗಿ ಬಂದೆ. ಇನ್ನೊಂದು ವಾರ ಸ್ಯಾನ್ ಮಟಿಯೋದಲ್ಲಿ ಕರೆಂಟೇ ಇರಲಿಲ್ಲ. ಕ್ರಿಸ್‌ಮಸ್ ರಜೆಯಲ್ಲಿ ಅಕ್ಕನ ಮನೆ ತುಂಬ ನೆಂಟರು. ಅವರ ಎದುರು ಈ ಪಾಠ ಬೇಡ ಎಂದು ಭಾವನೇ ಹೇಳಿದರು. ಹೊಸ ವರ್ಷಕ್ಕೆ ನನಗೆ ಫ್ಲೂ. ಜನವರಿ ನಡುವಿನ ಹೊತ್ತಿಗೆ ಪಟ್ಟಿಯಲ್ಲಿ ಆರು ಮುಗಿದಿದ್ದವು. ಐದು ಉಳಿದಿದ್ದವು. ಫೆಬ್ರವರಿ ಕೊನೆಯವರೆಗೆ ಸಮಯವಿದೆ, ವಾರಕ್ಕೆ ಒಂದರಂತೆ ಸರಿಹೋಗುತ್ತದೆ ಎಂದು ನಾನು ಹಿಡಿದ ಪಟ್ಟು ಬಿಡದೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಂಡೆ.

ಒಂದು ಮಂಗಳವಾರ ಬೆಳಿಗ್ಗೆ ಅಕ್ಕನ ಫೋನು ಬಂತು. ಭಾವ ಎದ್ದಾಗ ಬಲಗಿವಿ ಮುಚ್ಚಿಕೊಂಡ ಹಾಗಾಗಿತ್ತಂತೆ. ಅಕ್ಕ ಪಕ್ಕದಲ್ಲಿ ನಿಂತು ಕರೆದದ್ದು ಗೊತ್ತಾಗಲಿಲ್ಲವಂತೆ. ಡಾಕ್ಟರು ಸ್ಟೆರಾಯ್ಡ್ ಮಾತ್ರೆ ಕೊಟ್ಟು, ಕಾಯುವುದು ಬೇಡ ಎಂದು ಆಪರೇಷನ್ನನ್ನು ಹತ್ತು ದಿನದ ಒಳಗೇ ಇಟ್ಟುಕೊಂಡಿದ್ದರು.

ಮರುದಿನ ರಜೆ ಹಾಕಿ ಹೋದೆ. ನನ್ನ ಕೈಯಲ್ಲಿ ಏನಿತ್ತು ಗೊತ್ತೇ? ಏಳನೇ ಆಲ್ಬಮ್. ಇದನ್ನು ಬರೆಯುವಾಗಲೂ ಕೆನ್ನೆಗೆ ಹೊಡೆದುಕೊಳ್ಳಬೇಕು ಎನಿಸುತ್ತದೆ. ಭಾವ ಅದನ್ನು ಕೈಯಿಂದ ತೆಗೆದುಕೊಂಡು ಮೇಜಿನ ಮೇಲೆ ಬೋರಲು ಹಾಕಿ, ಮಗನದ್ದು ಹಾಕು ಎಂದರು.

ಪ್ರಣವನಿಗೆ ಕೊಟ್ಟ ಮಾತು ಆಗ ನೆನಪಾಗಲೂ ಇಲ್ಲ. ಫೋನನ್ನು ಸ್ಪೀಕರಿಗೆ ಜೋಡಿಸಿ ಹಾಕಿದೆ. ಭಾವ ಕಿವಿಯನ್ನು ಸ್ಪೀಕರಿನ ಬಟ್ಟೆಗೆ ತಾಗಿಸಿದರು. ಧ್ವನಿ ಹೆಚ್ಚಿಸು ಎಂದು ಕೈ ಮಾಡಿದರು. ಹೆಚ್ಚಿಸಿದೆ. ಮತ್ತೆ ಕೈ ಮಾಡಿದರು. ಕಿಟಕಿಯ ಗಾಜು ನಡುಗುವಷ್ಟು ಆಯಿತು. ಆ ಮೂರು ಹಾಡುಗಳಲ್ಲಿ ಪ್ರಣವನ ಕೈಚಳಕವೆಲ್ಲ ಇರುವುದು ಮೇಲಿನ ತಾಳದ ತಟ್ಟೆಗಳಲ್ಲಿ, ಸಿಂಬಲ್ಲುಗಳಲ್ಲಿ. ಕೆಳಗೆ ಕಾಲು ಗುಡುಗುತ್ತಿರುವಾಗ ಮೇಲೆ ಅವನ ಬಲಗೈ ಅಷ್ಟು ಹಗುರವಾಗಿ, ಅಷ್ಟು ಬೇರೆಯಾಗಿ ನಡೆಯುತ್ತದೆ. ಅವನನ್ನು ಬೇರೆ ಡ್ರಮ್ಮರುಗಳಿಂದ ಗುರುತಿಸುವುದೇ ಅದರಿಂದ. ಹದಿನಾಲ್ಕು ನಿಮಿಷ ಮುಗಿದ ಮೇಲೆ ಭಾವನನ್ನು ಕೇಳಿದೆ, ಸಿಂಬಲ್ಲು ಕೇಳಿತಾ ಎಂದು. ಕೂಗಿ ಕೇಳಬೇಕಾಯಿತು.

"ದಬ ದಬ ಅಂತ ಮಾತ್ರ," ಎಂದರು. ಸ್ಪೀಕರಿನಿಂದ ತಲೆಯೆತ್ತಿ, ಸಿಟ್ಟಿಲ್ಲದೆ, ಲೆಕ್ಕ ತಪ್ಪಿದ್ದು ಎಲ್ಲಿ ಎಂದು ಹುಡುಕುವವರ ಹಾಗೆ ಹೇಳಿದರು: "ಇದನ್ನು ನವೆಂಬರಿನಲ್ಲಿ ಹಾಕಬಹುದಿತ್ತಲ್ಲ, ಗಿರಿ."

ನಾನು ಹೊರಗೆ ಬಂದು ಕಾರಿನಲ್ಲಿ ಕೂತು ಪ್ರಣವನಿಗೆ ಫೋನು ಮಾಡಿದೆ. ಕೇಳಿಸಿಬಿಟ್ಟೆ ಎಂದ ಕೂಡಲೇ ಅವನು ಇಂಗ್ಲಿಷಿನಲ್ಲಿ ಉರಿದುಬಿದ್ದ. ಕಿವಿ ಹೋಗುತ್ತಿದೆ ಕಣೋ, ಮುಂದಿನ ವಾರ ಆಪರೇಷನ್ನು ಎಂದೆ. ಯಾವ ಆಪರೇಷನ್ನು ಎಂದು ಕೇಳಿದ. ಆ ಮಳೆಗಾಲ ನಮ್ಮ ಕಾಫಿಯೂ ತಪ್ಪಿತ್ತು, ಅಕ್ಕ ಹೇಳಿರುತ್ತಾಳೆ ಎಂದುಕೊಂಡಿದ್ದೆ; ಅವಳು ಅವನಿಗೆ ಹೇಳಿರಲೇ ಇಲ್ಲ. ಮಗ ಕರುಣೆಯಿಂದ ಬರುವುದು ಬೇಡವೆಂದು ಭಾವ ಅವಳಿಂದ ಆಣೆ ಹಾಕಿಸಿಕೊಂಡಿದ್ದರಂತೆ. ನಾನು ಅವನಿಗೆ ಕೊಟ್ಟ ಮಾತು, ಅವಳು ಇವರಿಗೆ ಕೊಟ್ಟ ಮಾತು. ಎಲ್ಲರೂ ಮರ್ಯಾದಸ್ಥರ ಹಾಗೆ ಮಾತು ಉಳಿಸಿಕೊಂಡು ಮೂರು ತಿಂಗಳು ಹಾಳು ಮಾಡಿದ್ದೆವು.

ಶನಿವಾರ ಹನ್ನೊಂದು ಗಂಟೆಗೆ ಓಕ್ಲೆಂಡಿನ ರಿಹರ್ಸಲ್ ಜಾಗಕ್ಕೆ ಕರೆದುಕೊಂಡು ಬಾ ಮಾಮ ಎಂದ. ಒಂದು ಗಂಟೆಯವರೆಗೆ ಬ್ಯಾಂಡು ಪೂರ್ತಿ ಇರುತ್ತದೆ, ಮೂರೂ ಹಾಡು ನುಡಿಸುತ್ತೇವೆ ಎಂದ.

ಶನಿವಾರ ಹತ್ತಕ್ಕೆ ಹೊರಟೆವು. ಅಕ್ಕ ಹಿಂದಿನ ಸೀಟಿನಲ್ಲಿ, ತಿಂಡಿಯ ಡಬ್ಬಿ ತೊಡೆಯ ಮೇಲೆ. ಸೇತುವೆ ದಾಟುವವರೆಗೆ ಎಲ್ಲ ಸರಿಯಿತ್ತು. ಆಚೆ ಕಡೆ ಫ್ರೀವೇಯ ಎರಡು ಲೇನುಗಳಲ್ಲಿ ನೀರು ನಿಂತು, ಮೂರು ಮೈಲು ಉದ್ದ ಕಾರುಗಳು ಸಾಲುಗಟ್ಟಿದ್ದವು. ಮಳೆ ಗಾಜಿಗೆ ರಾಚುತ್ತಿತ್ತು. ಭಾವ ಐದೈದು ನಿಮಿಷಕ್ಕೆ ಗಡಿಯಾರ ನೋಡುತ್ತಿದ್ದರು. ಬೇರೆ ದಾರಿ ಹಿಡಿ ಎಂದಳು ಅಕ್ಕ. ಹಿಡಿದೆ. ಅಲ್ಲಿಯೂ ಅದೇ. ನಾನು ಸ್ಟೇರಿಂಗಿಗೆ ಗುದ್ದಿದೆ. ಹಾರ್ನು ಬಡಿಯಿತು. ಅಕ್ಕ ಬೆಚ್ಚಿದಳು. ಭಾವ ತಿರುಗಿಯೂ ನೋಡಲಿಲ್ಲ.

ನಾವು ತಲುಪಿದಾಗ ಒಂದೂವರೆ. ಹಳೆಯ ಗೋದಾಮನ್ನು ಕೋಣೆ ಕೋಣೆ ಮಾಡಿದ ಕಟ್ಟಡ. ಗಿಟಾರಿನವರು ಕೆಲಸಕ್ಕೆ ಹೊರಟುಹೋಗಿದ್ದರು. ಮುಂದಿನ ಬ್ಯಾಂಡಿನವರು ತಮ್ಮ ಸಾಮಾನು ತಂದು ಬಾಗಿಲಲ್ಲಿ ನಿಂತಿದ್ದರು. ಪ್ರಣವ್ ಏನು ಹೇಳಿದ್ದನೋ, ಇಪ್ಪತ್ತು ನಿಮಿಷ ಹೊರಗೆ ಕಾಯಲು ಒಪ್ಪಿ, ಮೈ ತುಂಬ ಹಚ್ಚೆಯಿದ್ದ ಆ ನಾಲ್ವರು ಅಕ್ಕನಿಗೆ ಬಾಗಿಲು ಹಿಡಿದುಕೊಟ್ಟರು.

ಅಪ್ಪ ಮಗ ಮೂರು ವರ್ಷದ ಮೇಲೆ ಎದುರಾದರು. ಭಾವ ಮಗನ ಕಡೆಗಿಂತ ಗೋಡೆಯ ಕಡೆಗೆ ಹೆಚ್ಚು ನೋಡಿದರು, ಅದು ಭೂಕಂಪಕ್ಕೆ ತಡೆಯುತ್ತದೋ ಎನ್ನುವ ಹಾಗೆ. ಪ್ರಣವ್ ಪ್ಲಾಸ್ಟಿಕ್ ಪೊಟ್ಟಣದಿಂದ ಇಯರ್‌ಪ್ಲಗ್ಗು ತೆಗೆದು ಅಪ್ಪನ ಮುಂದೆ ಹಿಡಿದ. ಭಾವ ಬೇಡವೆಂದು ತಲೆಯಾಡಿಸಿದರು. ಇನ್ನು ಉಳಿಸಿ ಎಂತ ಮಾಡುದು ಎಂದರು. ಪ್ರಣವ್ ಡ್ರಮ್ಮಿನ ಹಿಂದೆ ಕೂತ.

ಗಿಟಾರಿಲ್ಲದೆ, ಹಾಡಿಲ್ಲದೆ, ಬರೀ ಡ್ರಮ್ಮು. ಮೂರನೇ ಹಾಡನ್ನು ಶುರುವಿನಿಂದ ನುಡಿಸಿದ. ಅಷ್ಟು ಹತ್ತಿರದಲ್ಲಿ ನಾನೂ ಅವನನ್ನು ಕೇಳಿರಲಿಲ್ಲ. ಅಕ್ಕ ಎರಡೂ ಕಿವಿ ಮುಚ್ಚಿಕೊಂಡು, ಕಣ್ಣು ಬಿಟ್ಟುಕೊಂಡು ನಿಂತಿದ್ದಳು. ಭಾವ ಹೆಜ್ಜೆ ಹೆಜ್ಜೆಯಾಗಿ ಮುಂದೆ ಹೋಗಿ, ದೊಡ್ಡ ಡ್ರಮ್ಮಿನ ಪಕ್ಕ ಮಂಡಿಯೂರಿ ಕೂತು, ಅದರ ಮರದ ಅಂಚಿಗೆ ಅಂಗೈ ಇಟ್ಟರು. ನಿಧಾನ ಮಾಡು ಎಂದು ಸನ್ನೆ ಮಾಡಿದರು. ಪ್ರಣವ್ ಅರ್ಧ ವೇಗಕ್ಕೆ ಇಳಿಸಿದ. ಭಾವ ಬೆರಳು ಮಡಿಸಿ ಎಣಿಸಿದರು. ಬಲಗಾಲು, ಎಡಗಾಲು ತೋರಿಸಿ ಪ್ರಶ್ನೆಯ ಮುಖ ಮಾಡಿದರು. ಎರಡೂ ಎಂದು ಪ್ರಣವ್ ತಲೆಯಾಡಿಸಿದ. ಕಣ್ಣು ಮುಚ್ಚಿಕೊಂಡ ಭಾವ ತಾಳಕ್ಕೆ ಸರಿಯಾಗಿ ತಲೆಯಾಡಿಸತೊಡಗಿದರು. ನಾನು ಗಮನಿಸಿದೆ, ಒಂದು ಪೆಟ್ಟೂ ತಪ್ಪುತ್ತಿರಲಿಲ್ಲ.

ಪ್ರಣವ್ ಹಾಡು ಮುಗಿಸಿದ. ಭಾವ ಅಂಗೈಯನ್ನು ಮರದಿಂದ ತೆಗೆದು ಎದೆಗೆ ಇಟ್ಟುಕೊಂಡಿದ್ದರು. ಅವರ ತಲೆ ಅದೇ ತಾಳಕ್ಕೆ ಆಡುತ್ತಲೇ ಇತ್ತು. ಕೋಣೆಯಲ್ಲಿ ಸದ್ದು ನಿಂತು ಅರ್ಧ ನಿಮಿಷವಾದರೂ ಆಗಿತ್ತು. ಮುಗಿದದ್ದು ಅವರಿಗೆ ಗೊತ್ತಾಗಿರಲಿಲ್ಲ.

ಪ್ರಣವ್ ನನ್ನ ಕಡೆ ನೋಡಿದ, ಅಮ್ಮನ ಕಡೆ ನೋಡಿದ. ಕೋಲುಗಳನ್ನು ಕೆಳಗಿಟ್ಟು ಎದ್ದು ಬಂದು ಅಪ್ಪನ ಎದುರು ನೆಲದ ಮೇಲೆ ಕೂತ. ಯಾರೂ ಭಾವನ ಭುಜ ಮುಟ್ಟಲಿಲ್ಲ. ಅವರಾಗಿ ಕಣ್ಣು ಬಿಡುವವರೆಗೆ ಕಾದೆವು. ಬಿಟ್ಟಾಗ ಮಗ ಮುಖದ ಎದುರೇ ಇದ್ದ.

"ಆಯ್ತಾ?" ಎಂದರು ಭಾವ.

"ಆಯ್ತು, ಪಪ್ಪಾ," ಎಂದ ಪ್ರಣವ್. ಕನ್ನಡದಲ್ಲೇ ಹೇಳಿದ.

ಮುಂದಿನ ಗುರುವಾರ ಆಪರೇಷನ್ನು ಆಯಿತು. ಇಡೀ ದಿನ ಹಿಡಿಯಿತು. ಗಡ್ಡೆ ಪೂರ್ತಿ ಬಂತು, ಕಿವಿ ಪೂರ್ತಿ ಹೋಯಿತು. ಮುಖದ ಬಲಭಾಗ ನಾಲ್ಕು ತಿಂಗಳು ಜೋತುಬಿದ್ದಿತ್ತು. ಎಡಗಿವಿಯೊಳಗೆ ಕೇಳಿಸುವ ಯಂತ್ರ, ಇಂಪ್ಲಾಂಟ್, ಕೂರಿಸಿ ನೋಡಬಹುದು, ಆದರೆ ಐವತ್ತು ವರ್ಷ ಸುಮ್ಮನಿದ್ದ ಕಿವಿ ಅದು, ಸಂಗೀತದ ಆಸೆ ಇಟ್ಟುಕೊಳ್ಳಬೇಡಿ ಎಂದರು ಡಾಕ್ಟರು. ಹಾಗಾದರೆ ಬೇಡ ಎಂದು ಭಾವ ಒಂದೇ ಮಾತಿಗೆ ಮುಗಿಸಿದರು. ಮಾತನ್ನು ಅಕ್ಷರ ಮಾಡಿ ತೋರಿಸುವ ಒಂದು ಆ್ಯಪು ಹಾಕಿಕೊಟ್ಟೆ. ಅಕ್ಕನ ಉಡುಪಿ ಕನ್ನಡ ಅದಕ್ಕೆ ಜೀರ್ಣವಾಗದೆ ಏನೇನೋ ಬರೆಯಿತು. ಭಾವ ಫೋನು ಪಕ್ಕಕ್ಕಿಟ್ಟು ಹಳದಿ ನೋಟ್‌ಪ್ಯಾಡಿಗೇ ಮರಳಿದರು. ಈಗ ನಾವೆಲ್ಲ ಅದರಲ್ಲಿ ಬರೆಯುತ್ತೇವೆ, ಅವರು ಬಾಯಲ್ಲಿ ಉತ್ತರ ಕೊಡುತ್ತಾರೆ, ಬೇಕಾದ್ದಕ್ಕಿಂತ ಜೋರಾಗಿ.

ಪ್ರಣವ್ ಭಾನುವಾರಗಳಲ್ಲಿ ಬರುತ್ತಾನೆ. ಅಪ್ಪ ಮಗ ಒಂದಾದರು ಎಂದು ಬರೆದು ಮುಗಿಸಲು ನನಗೂ ಆಸೆಯಿದೆ. ಅವರು ಕೂತ ಹತ್ತು ನಿಮಿಷಕ್ಕೆ ಫಾರ್ಮಸಿ ಓದು ಮುಗಿಸುವ ವಿಷಯ ಬರುತ್ತದೆ, ಪ್ರಣವ್ ನೋಟ್‌ಪ್ಯಾಡಿನ ಹಾಳೆ ತುಂಬ ದಪ್ಪಕ್ಷರದಲ್ಲಿ ಇಲ್ಲ ಎಂದು ಬರೆಯುತ್ತಾನೆ, ಭಾವ ಕೂಗುತ್ತಾರೆ, ಅಕ್ಕ ಇಬ್ಬರಿಗೂ ಬೈಯುತ್ತಾಳೆ. ನನ್ನ ಮೇಲಿನ ಅಕ್ಕನ ಸಿಟ್ಟು ಕೂಡ ಪೂರ್ತಿ ಹೋಗಿಲ್ಲ. ಕಾಫಿ ಲೋಟವನ್ನು ಮೇಜಿನ ಮೇಲೆ ಇಡುವ ರೀತಿಯಲ್ಲೇ ಗೊತ್ತಾಗುತ್ತದೆ.

ಈ ವಾರ ಹೋದಾಗ ಪ್ರಣವನ ಬ್ಯಾಂಡಿನ ಮೊದಲ ಪೂರ್ಣ ಆಲ್ಬಮ್ ಮೇಜಿನ ಮೇಲಿತ್ತು. ಭಾವ ಅದನ್ನು ನನ್ನ ಕಡೆ ತಳ್ಳಿ, ಕೇಳಿ ಹೇಗುಂಟು ಅಂತ ಬರೆದುಕೊಡು ಎಂದರು. ಪ್ರಣವ್ ಇರಲಿಲ್ಲ. ನಾನು ಆಫೀಸು ಕೋಣೆಯಲ್ಲಿ ಒಬ್ಬನೇ ಕೂತು ನಲವತ್ತು ನಿಮಿಷ ಕೇಳಿದೆ. ಒಳ್ಳೆಯದಿತ್ತು, ನಾನು ಅಂದುಕೊಂಡದ್ದಕ್ಕಿಂತ ಬಹಳ ಒಳ್ಳೆಯದು. ನೋಟ್‌ಪ್ಯಾಡಿನಲ್ಲಿ ಒಂದೂವರೆ ಪುಟ ಬರೆದೆ. ಯಾವ ಊರಿನ ಯಾವ ಶೈಲಿಯಿಂದ ಏನು ಬಂದಿದೆ, ಗಿಟಾರಿನ ಸದ್ದು ಯಾರನ್ನು ನೆನಪಿಸುತ್ತದೆ, ಡ್ರಮ್ಮಿನ ರೆಕಾರ್ಡಿಂಗು ಯಾಕೆ ಹಳೆಯ ಕಾಲದ ಹಾಗಿದೆ ಎಂದೆಲ್ಲ.

ಭಾವ ಕನ್ನಡಕ ಹಾಕಿಕೊಂಡು ನಿಧಾನವಾಗಿ ಎರಡು ಸಲ ಓದಿದರು. ಹಾಳೆ ಹರಿದು ನನ್ನ ಕೈಗೇ ಕೊಟ್ಟರು.

"ಇದು ನಿನ್ನ ಫೋರಮ್ಮಿನವರಿಗೆ ಬರೆದದ್ದು. ನನಗೆ ಬರಿ," ಎಂದರು.

ಸಿಟ್ಟು ಬಂತು. ಎದ್ದು ಹೋಗಲಿಲ್ಲ. ಹೊಸ ಹಾಳೆಯಲ್ಲಿ ಮೊದಲ ಹಾಡಿನ ಹೆಸರು ಬರೆದು, ಅದು ಶುರುವಾಗುವಾಗ ಏನಾಗುತ್ತದೆ ಎಂದು ಯೋಚಿಸುತ್ತ ಕೂತೆ. ಊಟದ ಹೊತ್ತಾಯಿತು. ಎರಡು ಸಾಲು ಬರೆದಿದ್ದೆ, ಎರಡನ್ನೂ ಹೊಡೆದುಹಾಕಿದ್ದೆ. ಭಾವ ಎದುರು ಕುರ್ಚಿಯಲ್ಲಿ ಕಾಯುತ್ತಿದ್ದರು.